ಮದಾಮಳ ವ್ಯಾನಿಟಿ ಬ್ಯಾಗು

ಕೋರ್ಟಿನ ಬಾಗಿಲಲ್ಲಿ ಮದಾಮ್ ಇವೆತ್ ಕಾಣಿಸಿಕೊಂಡದ್ದೇ ತಡ, ಜೆಮಾನೆಶ್ ಎದ್ದಳು. ಪಕ್ಕದಲ್ಲಿದ್ದ ಹನಾದಿ ತೋಳು ಹಿಡಿದೆಳೆಯುವಷ್ಟರಲ್ಲಿ ಅವಳು ಬೆಂಚುಗಳ ನಡುವೆ ನುಸುಳಿ ಬಾಗಿಲು ತಲುಪಿಯಾಗಿತ್ತು. ಮದಾಮಳ ಕೈಯಿಂದ ವ್ಯಾನಿಟಿ ಬ್ಯಾಗು ತೆಗೆದುಕೊಂಡಳು. ಹೆಗಲ ಮೇಲಿನ ಕೋಟು ಬಿಡಿಸಿ, ಎರಡಾಗಿ ಮಡಚಿ, ತನ್ನ ಮುಂಗೈ ಮೇಲೆ ಹಾಕಿಕೊಂಡಳು. ಮದಾಮ್ ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಜೆಮಾನೆಶ್ ಅವಳ ಬೆನ್ನ ಹಿಂದೆ, ಗೋಡೆಗೆ ಒರಗದೆ, ನೆಟ್ಟಗೆ ನಿಂತಳು. ತಾನು ಎಲ್ಲಿದ್ದೇನೆ, ಏನು ಮಾಡಿದೆ ಎಂಬುದು ಅವಳಿಗೆ ಹೊಳೆದದ್ದು ಆಮೇಲೆ. ಅಷ್ಟು ಹೊತ್ತಿಗೆ ಇಡೀ ಕೋರ್ಟು ಅವಳನ್ನೇ ನೋಡುತ್ತಿತ್ತು.

ಮದಾಮಳ ವಕೀಲನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು.

"ಕಣ್ಣಾರೆ ಕಂಡ್ರಲ್ಲ ಸ್ವಾಮಿ," ಎಂದ ನ್ಯಾಯಾಧೀಶರಿಗೆ. "ನನ್ನ ಕಕ್ಷಿದಾರರು ಈ ಹುಡುಗಿನ ಮನೆಯೊಳಗೆ ಕೂಡಿಹಾಕಿದ್ರಂತೆ, ಹೊಡೆದ್ರಂತೆ, ಉಪವಾಸ ಕೆಡವಿದ್ರಂತೆ. ಹೊಡೆದವರ ಬ್ಯಾಗನ್ನ ಯಾರಾದ್ರೂ ಓಡಿ ಬಂದು ಹಿಡ್ಕೋತಾರಾ? ಇದು ಮನೆಮಗಳ ಪ್ರೀತಿ ಸ್ವಾಮಿ. ಬಂಗಾರದ ಬಳೆ ಕಂಡು ಒಂದು ಗಳಿಗೆ ಬುದ್ಧಿ ಕೆಟ್ಟಿತು, ಕದ್ದು ಓಡಿದ್ಳು. ಆಮೇಲೆ ಈ ಕಥೆ ಕಟ್ಟಿ ಬಾಯಿಪಾಠ ಮಾಡಿಸಿದೋರು ಬೇರೆಯವರು."

ಹಾಗೆಂದು ಹನಾದಿಯ ಕಡೆ ತಿರುಗಿ ಸಣ್ಣಗೆ ನಕ್ಕ. ನ್ಯಾಯಾಧೀಶರಿಗೆ ನೆಗಡಿಯಾಗಿತ್ತು. ಮೂಗೊರೆಸಿಕೊಂಡು ಮುಂದಿನ ತಾರೀಖು ಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ಹನಾದಿ ಸಿಗರೇಟು ಹಚ್ಚಿದಳು. ಬೈರೂತಿಗೆ ಬೇರೆ ದೇಶಗಳಿಂದ ಕೆಲಸದ ಆಸೆ ತೋರಿಸಿ ಕರೆತಂದು ಮನೆಮನೆಗೆ ಮಾರಿಬಿಟ್ಟ ಹೆಂಗಸರ ಕೇಸುಗಳನ್ನು ನೋಡಿಕೊಳ್ಳುವುದು ಅವಳ ಕಸುಬು. ಅವರಿಗೆ ಸೂರು ಹುಡುಕುವುದರಿಂದ ಹಿಡಿದು ಪೊಲೀಸು, ಆಸ್ಪತ್ರೆ, ರಾಯಭಾರಿ ಕಚೇರಿ, ಕೋರ್ಟು ಅಂತ ಅಲೆಯುವುದೆಲ್ಲ ಅವಳದೇ. ಗಂಟಲು ದೊಡ್ಡದು, ತಾಳ್ಮೆ ಸಣ್ಣದು. ಹೊಡೆಸಿಕೊಂಡು ಬಂದವರನ್ನು ಬೈಯಬಾರದೆಂದು ಅವಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೂ ಬೈದಳು.

"ಏನೇ ನಿನಗೆ ಬಂದಿದ್ದು ರೋಗ? ಅವಳ ಬ್ಯಾಗು ಅವಳ ಕೈಲಿದ್ರೆ ಕೈ ಉದುರಿ ಹೋಗ್ತಿತ್ತಾ?"

"ನಾನು ಏಳಲಿಲ್ಲ ಅಕ್ಕಾ," ಎಂದಳು ಜೆಮಾನೆಶ್. "ಕಾಲು ಎದ್ದವು. ನಾನು ಇನ್ನೂ ಕೂತೇ ಇದ್ದೆ."

ಹನಾದಿ ಅರ್ಧ ಉಳಿದ ಸಿಗರೇಟು ಬಿಸಾಡಿ, ಶೇರ್ ಟ್ಯಾಕ್ಸಿಗೆ ಕೈ ಅಡ್ಡ ಹಾಕಿದಳು.

ಇಥಿಯೋಪಿಯಾದ ಗುಡ್ಡಗಾಡಿನ ಹಳ್ಳಿಯಿಂದ ಜೆಮಾನೆಶ್‌ಳನ್ನು ಏಜೆಂಟನೊಬ್ಬ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಅಂತ ಹೇಳಿ ಕಳಿಸಿದ್ದ. ಜಡೆ ಹೆಣೆಯುವುದರಲ್ಲಿ ಅವಳದು ಎತ್ತಿದ ಕೈ. ವಿಮಾನ ಇಳಿದ ಮೇಲೆ ಗೊತ್ತಾಯಿತು, ಹೆಣೆಯಬೇಕಾದದ್ದು ಯಾರ ಜಡೆಯನ್ನೂ ಅಲ್ಲ, ಮದಾಮ್ ಇವೆತ್‌ಳ ಮನೆ, ಅವಳ ತಂಗಿಯ ಮನೆ, ಮೈದುನನ ಮನೆ, ಮೂರರ ನೆಲವನ್ನೂ ಒರೆಸಬೇಕು ಎಂದು. ಪಾಸ್‌ಪೋರ್ಟು ಮದಾಮಳ ತಿಜೋರಿ ಸೇರಿತು. ಸಂಬಳದ ಮಾತೆತ್ತಿದಾಗ ಚಪ್ಪಲಿ ಬಂತು. ಕೊನೆಗೊಂದು ದಿನ ಮದಾಮ್ ಊರಲ್ಲಿಲ್ಲದಾಗ, ಮರೆವಿನ ಮುದುಕಿ ಅತ್ತೆ ಕಸ ಚೆಲ್ಲಿ ಬಾ ಅಂತ ತನ್ನ ಹತ್ತಿರವಿದ್ದ ಕೀಯಿಂದ ಬಾಗಿಲು ತೆರೆದಿದ್ದಳು. ಜೆಮಾನೆಶ್ ಕಸದ ಚೀಲದ ಜೊತೆ ಇಳಿದವಳು ಮತ್ತೆ ಹತ್ತಲಿಲ್ಲ. ಬಾತ್‌ರೂಮು ಚಪ್ಪಲಿಯಲ್ಲೇ ಸಮುದ್ರದ ದಂಡೆಗುಂಟ ನಡೆದು, ತನ್ನ ಭಾಷೆ ಕಿವಿಗೆ ಬಿದ್ದ ಮೊದಲ ಹೆಂಗಸಿನ ತೋಳು ಹಿಡಿದುಕೊಂಡಿದ್ದಳು. ಆ ಹೆಂಗಸೇ ಅವಳನ್ನು ಹನಾದಿಯ ಹತ್ತಿರ ತಂದುಬಿಟ್ಟಿದ್ದಳು. ಮಾರನೆಯ ದಿನವೇ ಮದಾಮ್ ಬಳೆ ಕಳವಾಯಿತೆಂದು ದೂರು ಕೊಟ್ಟಳು. ಓಡಿಹೋದವಳ ಮೇಲೆ ಕಳ್ಳತನದ ದೂರು ಕೊಡುವುದು ಈ ಊರಲ್ಲಿ ಹೊಸದೇನಲ್ಲ. ಅದು ನಾಯಿಗೆ ಹಾಕುವ ಸರಪಳಿಯ ಹಾಗೆ, ಎಷ್ಟು ದೂರ ಓಡಿದರೂ ಕುತ್ತಿಗೆಗೆ ಬಂದು ಬಿಗಿಯುತ್ತದೆ.

ವಾರ ಕಳೆಯುವುದರೊಳಗೆ ಮದಾಮಳ ವಕೀಲನ ಫೋನು ಬಂತು. ಬೆಣ್ಣೆಯಂಥ ದನಿ. ದೂರು ವಾಪಸು ತೆಗೆದುಕೊಳ್ಳುತ್ತಾರಂತೆ, ಪಾಸ್‌ಪೋರ್ಟು ಕೊಡುತ್ತಾರಂತೆ, ವಿಮಾನದ ಟಿಕೇಟು ಕೂಡ ಅವರದೇ. ಹುಡುಗಿ ಬಾಯಿ ಮುಚ್ಚಿಕೊಂಡು ಊರಿಗೆ ಹೋದರೆ ಸಾಕು.

ಹನಾದಿಯ ಕಸುಬಿನಲ್ಲಿ ಇದಕ್ಕೇ ಗೆಲುವು ಎಂದು ಹೆಸರು. ಇಂಥ ಎಷ್ಟೋ ಒಪ್ಪಂದಗಳನ್ನು ಅವಳು ಕುದುರಿಸಿದ್ದಳು, ಎಷ್ಟೋ ಜನರನ್ನು ವಿಮಾನ ಹತ್ತಿಸಿ ಕೈ ಬೀಸಿದ್ದಳು, ಬರುವ ದಾರಿಯಲ್ಲಿ ಖುಷಿಗೆ ಮಿಠಾಯಿ ಅಂಗಡಿಯಲ್ಲಿ ಒಂದು ತಟ್ಟೆ ಕುನಾಫ ತಿಂದು ಮನೆ ಸೇರಿದ್ದಳು. ಜೆಮಾನೆಶ್‌ಳೂ ಕುಣಿದಾಡುತ್ತಾಳೆ ಎಂದುಕೊಂಡು, ಓಡಿಬಂದ ಹೆಂಗಸರೆಲ್ಲ ಇದ್ದ ಆಶ್ರಯಮನೆಗೆ ಹೋದಳು. ಅವಳು ಅಡುಗೆಮನೆಯಲ್ಲಿ ಕಾಫಿ ಬೀಜ ಹುರಿಯುತ್ತಿದ್ದಳು. ಕೇಳಿ, ಬಾಣಲೆ ಅಲುಗಿಸುವುದನ್ನು ನಿಲ್ಲಿಸಲಿಲ್ಲ.

"ಬೇಡ ಅಕ್ಕಾ."

"ಏನು ಬೇಡ? ಟಿಕೇಟು ಬೇಡವಾ, ಪಾಸ್‌ಪೋರ್ಟು ಬೇಡವಾ?"

"ಎರಡೂ ಬೇಕು. ಹೀಗೆ ಬೇಡ." ಅವಳು ಒಲೆ ಸಣ್ಣ ಮಾಡಿದಳು. "ಆ ಏಜೆಂಟ್ ನಮ್ಮ ಪೇಟೇಲೇ ಅಂಗಡಿ ಇಟ್ಟಿರೋದು. ನಿನ್ನ ಮಗಳು ಬೈರೂತಿನಲ್ಲಿ ಬಂಗಾರ ಕದ್ದು ಓಡಿದಾಳೆ ಅಂತ ನಮ್ಮಮ್ಮನಿಗೆ ಎಲ್ಲರ ಎದುರಿಗೆ ಹೇಳಿದಾನೆ. ಅಮ್ಮ ಈಗ ಚರ್ಚಿನೊಳಗೆ ಕಾಲಿಡಲ್ಲ, ಹೊರಗೆ ಮರದ ಕೆಳಗೆ ನಿಂತು ಪ್ರಾರ್ಥನೆ ಮುಗಿಸಿಕೊಂಡು ಬರ್ತಾಳೆ. ತಂಗಿಗೆ ಬಂದಿದ್ದ ಸಂಬಂಧ ತಪ್ಪಿಹೋಯ್ತು. ಈಗ ನಾನು ಸುಮ್ಮನೆ ಹೋಗಿ ಇಳಿದರೆ ಏನಂತಾರೆ? ಕಳ್ಳಿ ಬಂದ್ಳು ಅಂತಾರೆ. ಕಳ್ಳಿ ಅಲ್ಲ ಅಂತ ಕೋರ್ಟು ಹೇಳಬೇಕು. ಹೇಳಿದ ಮೇಲೆ ಹೋಗ್ತೀನಿ."

"ಹೇಳದೇ ಹೋದ್ರೆ? ಜೈಲು ಕಣೇ ಜೈಲು!"

"ಜೈಲಲ್ಲಿ ಕಿಟಕಿ ಇರತ್ತಂತೆ. ಮದಾಮ್ ಮನೇಲಿ ನನ್ನ ಕೋಣೆಗೆ ಅದೂ ಇರಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಫಾತ್ಮಾತಾ ಗೊಳ್ಳೆಂದು ನಕ್ಕಳು. ಸಿಯೆರಾ ಲಿಯೋನಿನ ಈ ಆಳೆತ್ತರದ ಹೆಂಗಸು ಆಶ್ರಯಮನೆಯಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗಿಂತ ಬಾಯಾಳಿ. "ಹನಾದಿ, ನಿನಗೆ ಭಯ ಆದ್ರೆ ನೀನು ಹತ್ತು ಆ ವಿಮಾನ," ಎಂದಳು. "ಹುಡುಗಿನ ಇಲ್ಲೇ ಬಿಡು."

ಹನಾದಿಗೆ ರೇಗಿತು. ರೇಗಿದ್ದು ಯಾಕೆಂದು ಆ ರಾತ್ರಿ ಮಲಗಿದಾಗ ಗೊತ್ತಾಯಿತು: ಫಾತ್ಮಾತಾ ಹೇಳಿದ್ದು ನಿಜ. ಸೋಲುವ ಭಯ ಜೆಮಾನೆಶ್‌ಳಿಗಿಂತ ತನಗೇ ಹೆಚ್ಚು. ಬೆಳಿಗ್ಗೆ ಎದ್ದವಳೇ ವಕೀಲನಿಗೆ ಫೋನು ಮಾಡಿ, ನಿನ್ನ ಟಿಕೇಟಿನಲ್ಲಿ ನೀನೇ ಎಲ್ಲಾದರೂ ಹೋಗಿ ಬಾ ಎಂದಳು.

ಈಗ ಉಳಿದದ್ದು ಕಾಲುಗಳ ಸಮಸ್ಯೆ. ಮುಂದಿನ ತಾರೀಖಿಗೂ ಮದಾಮ್ ಬ್ಯಾಗು ಬೀಸಿಕೊಂಡೇ ಬರುತ್ತಾಳೆ. ರುಚಿ ಕಂಡ ಬೆಕ್ಕು ಒಲೆ ಬಿಟ್ಟು ಹೋಗುವುದಿಲ್ಲ. ಜೆಮಾನೆಶ್ ಕೂತಲ್ಲೇ ಕೂರುವುದನ್ನು ಕಲಿಯಬೇಕು. ಭಾನುವಾರ ಮಧ್ಯಾಹ್ನ ಆಶ್ರಯಮನೆಯ ಹಜಾರವೇ ಕೋರ್ಟಾಯಿತು. ಇಸ್ತ್ರಿ ಮಾಡುವ ಮೇಜು ನ್ಯಾಯಪೀಠ. ಮದಾಮಳ ಪಾತ್ರಕ್ಕೆ ಜಗಳವೇ ಬಿತ್ತು, ಯಾಕೆಂದರೆ ಅಲ್ಲಿದ್ದವರಿಗೆಲ್ಲ ಆ ಪಾತ್ರ ಬಾಯಿಪಾಠವಾಗಿತ್ತು. ಕೊನೆಗೆ ಫಾತ್ಮಾತಾ ಗೆದ್ದಳು. ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಹನಾದಿಯ ಕಪ್ಪು ಕನ್ನಡಕ ಏರಿಸಿಕೊಂಡು, ಅವಳದೇ ಬ್ಯಾಗು ತೋಳಿಗೆ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತಳು.

"ಅಯ್ಯಯ್ಯೋ ನನ್ನ ಸೊಂಟ! ಅಯ್ಯಯ್ಯೋ ನನ್ನ ಬಿಪಿ! ಏನು ವಾಸನೆ ಇಲ್ಲಿ? ಯಾರು ಉಸಿರಾಡ್ತಿರೋದು, ನಿಲ್ಸಿ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜೆಮಾನೆಶ್‌ಳೂ ನಗುತ್ತಿದ್ದಳು. ನಗುತ್ತಲೇ ಎದ್ದು ಹೋಗಿ ಬ್ಯಾಗು ತೆಗೆದುಕೊಂಡಳು.

ಮತ್ತೊಮ್ಮೆ ಮಾಡಿಸಿದರು. ಮತ್ತೆ ಎದ್ದಳು. ಕಣ್ಣು ಮುಚ್ಚಿಸಿ ಕೂರಿಸಿದರು, ಹೆಜ್ಜೆ ಸಪ್ಪಳಕ್ಕೇ ಎದ್ದಳು. ಶಾಲಿನಿಂದ ಕುರ್ಚಿಗೆ ಕಟ್ಟಿದರು, ಕುರ್ಚಿಯ ಸಮೇತ ಎದ್ದಳು. ಆಗಂತೂ ಹನಾದಿಯ ಕಣ್ಣಲ್ಲೂ ನಗುವಿನ ನೀರು. ಫಾತ್ಮಾತಾಗೆ ಇನ್ನೂ ಹುರುಪು ಬಂತು. ಸೋಫಾದ ಮೇಲೆ ಧೊಪ್ಪನೆ ಬಿದ್ದು, ಯಾರನ್ನೂ ನೋಡದೆ, ಕೈ ಮೇಲೆತ್ತಿ ಎರಡು ಬೆರಳಿನಿಂದ ಚಿಟಿಕೆ ಹೊಡೆದಳು.

"ನೀರು!"

ಅಡುಗೆಮನೆಯ ಕಡೆ ಕೂತಿದ್ದ ನಾಲ್ಕಾರು ಹೆಂಗಸರು ಒಟ್ಟಿಗೆ ಎದ್ದು ನಿಂತರು.

ನಗು ಒಮ್ಮೆಲೇ ನಿಂತಿತು. ಎದ್ದವರು ಒಬ್ಬರನ್ನೊಬ್ಬರು ನೋಡಿಕೊಂಡು ನಾಚಿಕೆಯಿಂದ ಕೂತರು. ಫಾತ್ಮಾತಾ ಕನ್ನಡಕ ತೆಗೆದಳು, ಹೊಟ್ಟೆಯ ದಿಂಬು ಎಳೆದು ಬಿಸಾಡಿದಳು. ಅವಳ ಮುಖ ಬಾಡಿಹೋಗಿತ್ತು.

"ಕಾಲು ಏಳೋದಾದ್ರೆ ಏಳಲಿ ಬಿಡ್ರೇ," ಎಂದಳು. "ನಮ್ಮೆಲ್ಲರ ಕಾಲೂ ಮಾರಿಹೋದ ಕಾಲೇ. ಜೆಮಾ, ನೀನು ಬಾಯಿ ಎಬ್ಬಿಸು. ಅವಳಿಗೆ ಏನಾದ್ರೂ ಒಂದು ಅನ್ನು. ಅರಬ್ಬಿಯಲ್ಲಿ ಅನ್ನು, ಎಲ್ಲರಿಗೂ ಅರ್ಥ ಆಗೋ ಹಾಗೆ."

"ನನಗೆಲ್ಲಿ ಬರತ್ತೆ ಅರಬ್ಬಿ?" ಎಂದಳು ಜೆಮಾನೆಶ್. ಅದು ಸುಳ್ಳಲ್ಲ. ಆ ಮನೆಯಲ್ಲಿ ಅವಳ ಜೊತೆ ಯಾರೂ ಮಾತಾಡಿರಲಿಲ್ಲ, ಅಪ್ಪಣೆ ಮಾತ್ರ ಕೊಟ್ಟಿದ್ದರು. ನೀನು, ಏಳು, ಹೋಗು, ತಾ, ಒರೆಸು, ಬೇಗ. ಅವಳಿಗೆ ಬರುತ್ತಿದ್ದ ಅರಬ್ಬಿ ಅಷ್ಟೇ. ಹನಾದಿಯ ಜೊತೆ, ಆಶ್ರಯಮನೆಯವರ ಜೊತೆ ಅವಳ ಮಾತೆಲ್ಲ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ. ಹೇಳಿಕೆ ಕೊಡುವಾಗಲೂ ದುಭಾಷಿ ಬೇಕಾಗಿತ್ತು.

ತಾರೀಖಿನ ದಿನ ಹನಾದಿ ಅವಳನ್ನು ಬೆಂಚಿನ ಒಳತುದಿಗೆ ಕೂರಿಸಿ, ತಾನು ಹೊರತುದಿಗೆ ಬೆಟ್ಟದ ಹಾಗೆ ಅಡ್ಡ ಕೂತಳು. ಕೇಸು ಕೂಗಿದರು, ಮದಾಮ್ ಬಂದಿರಲಿಲ್ಲ. "ದಾರಿಯಲ್ಲಿದ್ದಾರೆ ಸ್ವಾಮಿ," ಎಂದ ಅವಳ ವಕೀಲ. ಎಲ್ಲರೂ ನೋಡುವ ಹಾಗೆ ಬರಲಿ ಎಂದೇ ತಡ ಮಾಡಿಸಿದ್ದಾನೆ ಎಂದು ಹನಾದಿಗೆ ಖಾತ್ರಿಯಾಯಿತು. ಆಶ್ರಯಮನೆಯ ಪರವಾಗಿ ಫೀಸಿಲ್ಲದೆ ವಾದಿಸುವ ತರುಣ ವಕೀಲ ನಿಕೊಲಾ ಹಣೆಯ ಬೆವರು ಒರೆಸಿಕೊಂಡ.

ಮದಾಮ್ ಬಂದಳು. ತೋಳಿನಲ್ಲಿ ವ್ಯಾನಿಟಿ ಬ್ಯಾಗು, ಕೈಯಲ್ಲಿ ಬಟ್ಟೆ ಅಂಗಡಿಯ ಎರಡು ಚೀಲ, ಹೆಗಲ ಮೇಲೆ ಕೋಟು. ಬಾಗಿಲಲ್ಲಿ ನಿಂತು ಮೆಲ್ಲಗೆ ಉಸ್ಸೆಂದಳು.

ಜೆಮಾನೆಶ್ ಎದ್ದಳು. ಹನಾದಿ ಮೊಣಕಾಲು ಅಡ್ಡ ಇಟ್ಟಳು, ಜೆಮಾನೆಶ್ ಅದನ್ನೂ ದಾಟಿಕೊಂಡು ಹೋದಳು. ಬ್ಯಾಗು ತೆಗೆದುಕೊಂಡಳು, ಚೀಲ ತೆಗೆದುಕೊಂಡಳು, ಕೋಟು ಮಡಚಿಕೊಂಡಳು. ಮದಾಮಳ ವಕೀಲ ಎರಡೂ ಕೈ ಅಗಲಿಸಿ, ಇನ್ನೇನು ಹೇಳಲಿ ಎಂಬಂತೆ ನ್ಯಾಯಾಧೀಶರನ್ನು ನೋಡಿದ. ಹನಾದಿ ತಲೆ ತಗ್ಗಿಸಿದಳು. ಟಿಕೇಟು ತೆಗೆದುಕೊಂಡಿದ್ದರೆ ಇಷ್ಟು ಹೊತ್ತಿಗೆ ಹುಡುಗಿ ತಾಯಿಯ ಮನೆಯಲ್ಲಿ ಇರುತ್ತಿದ್ದಳು ಎನ್ನಿಸಿತು.

ಆದರೆ ಅಭ್ಯಾಸ ಎನ್ನುವುದು ಆಳಿಗೆ ಮಾತ್ರ ಅಂಟುವುದಿಲ್ಲ. ಮದಾಮ್ ಕುರ್ಚಿಯಲ್ಲಿ ಕೂತಳು, ಕಾಲ ಮೇಲೆ ಕಾಲು ಹಾಕಿದಳು, ಬೆನ್ನ ಹಿಂದೆ ತನ್ನ ಹುಡುಗಿ ಬಂದು ನಿಂತದ್ದು ತಿರುಗದೆಯೇ ಅವಳಿಗೆ ತಿಳಿಯಿತು. ಎಲ್ಲ ಇದ್ದ ಹಾಗೇ ಇತ್ತು. ಕಪ್ಪು ಕನ್ನಡಕ ತೆಗೆದು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು, ಜೆಮಾನೆಶ್ ಹಿಡಿದುಕೊಂಡಳು. ಆಮೇಲೆ ಅದೇ ಕೈ ಮೇಲೆತ್ತಿ ಚಿಟಿಕೆ ಹೊಡೆದಳು.

"ಏ ಹುಡ್ಗಿ, ನೀರು."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ವಕೀಲ ಮದಾಮಳ ಕಿವಿಯ ಹತ್ತಿರ ಬಾಗಿದ, ಆದರೆ ಬಾಣ ಬಿಟ್ಟಾಗಿತ್ತು.

ಹನಾದಿ ತಲೆ ಎತ್ತಿದಾಗ ಜೆಮಾನೆಶ್ ಆ ಕೈಯನ್ನೇ ನೋಡುತ್ತಿದ್ದಳು. ಎರಡು ಬೆರಳು ಇನ್ನೂ ಗಾಳಿಯಲ್ಲೇ ಇದ್ದವು. ಜೆಮಾನೆಶ್ ಬಗ್ಗಿ ಚೀಲಗಳನ್ನು ನೆಲಕ್ಕಿಟ್ಟಳು. ಕೋಟನ್ನು ಚೀಲಗಳ ಮೇಲಿಟ್ಟಳು. ವ್ಯಾನಿಟಿ ಬ್ಯಾಗನ್ನು, ಕನ್ನಡಕವನ್ನು ಮದಾಮಳ ತೊಡೆಯ ಮೇಲೆ ಇಟ್ಟು, ಎದುರಿಗೆ ಬಂದು ನಿಂತು, ತನಗೆ ಬರುತ್ತಿದ್ದ ಅಷ್ಟೂ ಅರಬ್ಬಿಯನ್ನು ಒಂದೊಂದಾಗಿ ಹೊರಗೆ ತೆಗೆದಳು.

"ಏಳು. ನೀನು ಹೋಗು. ನೀನು ತಾ. ನೀನು ಒರೆಸು. ಬೇಗ!"

ಅದೇ ದನಿ, ಅದೇ ರಾಗ, ಕೊನೆಯ ಮಾತಿಗೆ ಅದೇ ಚಿಟಿಕೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕರಣಿಕ ಕಡತದ ಹಿಂದೆ ಮುಖ ಮುಚ್ಚಿಕೊಂಡ. ನ್ಯಾಯಾಧೀಶರಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬಂತು.

ಮದಾಮ್ ಕೆಂಡವಾದಳು.

"ನೋಡಿದ್ರಾ ನಾಲಿಗೆ! ಈ ನಾಲಿಗೆ ನನ್ನ ಮನೇಲಿ ಇತ್ತಾ ಇವಳಿಗೆ? ಹೊರಗಿನ ಗಾಳಿ ತಾಗಬಾರದು ಇವರಿಗೆ, ತಾಗಿದ್ರೆ ಹೀಗೇ. ಅದಕ್ಕೇ ಅಲ್ವಾ ನಾನು ಹೊರಗೆ ಹೋಗೋವಾಗ ಬೀಗ ಹಾಕ್ಕೊಂಡು ಹೋಗ್ತಿದ್ದಿದ್ದು!"

"ಮದಾಮ್," ಎಂದ ವಕೀಲ.

"ಏನು ಮದಾಮ್? ಎಲ್ಲರ ಮನೇಲೂ ಹಾಕ್ತಾರೆ!"

ನಿಕೊಲಾ ಎದ್ದು, "ಇದು ದಾಖಲಾಗಲಿ ಸ್ವಾಮಿ," ಎಂದ. ನ್ಯಾಯಾಧೀಶರು ಕೈ ಸನ್ನೆಯಲ್ಲೇ ಅವನನ್ನು ಕೂರಿಸಿದರು.

"ಬೀಗ ಹಾಕ್ತಿದ್ರಿ. ಸರಿ ತಾಯಿ," ಎಂದರು ಮದಾಮಳಿಗೆ, ನೆಂಟರ ಯೋಗಕ್ಷೇಮ ವಿಚಾರಿಸುವಷ್ಟು ಸಮಾಧಾನವಾಗಿ. "ದೂರು ಬರೆಸುವಾಗ, ಮನೆ ಬೀಗದ ಕೈ ಹುಡುಗಿ ಹತ್ರನೇ ಇರ್ತಿತ್ತು, ಪ್ರತಿ ಭಾನುವಾರ ಚರ್ಚಿಗೆ ಹೋಗ್ತಿದ್ಳು ಅಂದಿದ್ರಿ. ಇರಲಿ. ಬಳೆ ಎಲ್ಲಿಡ್ತಿದ್ರಿ?"

"ತಿಜೋರಿಯಲ್ಲಿ."

"ತಿಜೋರಿ ಕೀ?"

ಮದಾಮಳ ಕೈ ತಾನಾಗಿ ಕತ್ತಿನ ಸರಕ್ಕೆ ಹೋಯಿತು. "ಇಲ್ಲಿ. ಸ್ನಾನಕ್ಕೂ ತೆಗೆಯಲ್ಲ ನಾನು. ಆಳುಗಳನ್ನ ನಂಬಕ್ಕಾಗತ್ತಾ?"

"ನಂಬಕ್ಕಾಗಲ್ಲ," ಎಂದರು ನ್ಯಾಯಾಧೀಶರು. "ಅವಳು ಹೋದ ದಿನ ನೀವು ಪರ ಊರಲ್ಲಿದ್ರಿ. ಕೀ ನಿಮ್ಮ ಕತ್ತಲ್ಲಿತ್ತು. ಅವಳ ಕೈಲಿ ಏನಿತ್ತು ಅಂತ ನಿಮ್ಮ ಅತ್ತೆ ಪೊಲೀಸರಿಗೆ ಹೇಳಿದಾರೆ?"

ಮದಾಮ್ ವಕೀಲನನ್ನು ನೋಡಿದಳು. ವಕೀಲ ತನ್ನ ಬೂಟುಗಳನ್ನು ನೋಡಿಕೊಳ್ಳುತ್ತಿದ್ದ.

"ಕಸದ ಚೀಲ," ಎಂದಳು ಕೊನೆಗೆ.

ಇಂಥ ಕೇಸುಗಳಲ್ಲಿ ತೀರ್ಪಿಗೆ ಮತ್ತೊಂದು ತಾರೀಖು, ಅದಕ್ಕೊಂದು ತಾರೀಖು ಬೀಳುವುದು ವಾಡಿಕೆ. ಅವತ್ತು ನ್ಯಾಯಾಧೀಶರು ಉಳಿದ ಕೇಸುಗಳನ್ನು ಮುಗಿಸಿ, ಮಧ್ಯಾಹ್ನ ಇವರನ್ನೇ ಮತ್ತೆ ಕರೆಸಿದರು. ಓದುವಾಗ ಮೂಗು ಕಟ್ಟಿತ್ತು, ಆದರೂ ಒಂದೊಂದು ಮಾತೂ ಸ್ಪಷ್ಟವಾಗಿತ್ತು. ಕಳ್ಳತನ ನಡೆದಿಲ್ಲ. ಈಕೆ ಕಳ್ಳಿಯಲ್ಲ. ಪಾಸ್‌ಪೋರ್ಟನ್ನು ಇವತ್ತೇ ಕೋರ್ಟಿಗೆ ತಂದೊಪ್ಪಿಸಬೇಕು. ಮನುಷ್ಯರೊಬ್ಬರನ್ನು ಬೀಗ ಹಾಕಿ ಇಟ್ಟುಕೊಂಡು ಸಂಬಳವಿಲ್ಲದೆ ದುಡಿಸಿದ್ದಕ್ಕೆ ಮದಾಮ್ ಇವೆತ್‌ಳ ಮೇಲೆ, ಮಾರಿದವರ ಮೇಲೆ ತನಿಖೆ ನಡೆಯಬೇಕು. ದುಭಾಷಿ ಹೆಂಗಸು ಪಕ್ಕದಲ್ಲಿ ನಿಂತು ಪಿಸುಗುಡುತ್ತಿದ್ದಳು. ಎರಡನೆಯ ಮಾತಿಗೇ ಜೆಮಾನೆಶ್ ಕೈ ಅಡ್ಡ ಹಿಡಿದು, "ಅದನ್ನ ಇನ್ನೊಂದು ಸಲ ಹೇಳು" ಎಂದಳು.

ಹೊರಗೆ ಬಿಸಿಲಿತ್ತು. ಹನಾದಿಗೆ ಅಳು ಬರುತ್ತಿತ್ತು, ನಗು ಬರುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಸಿಕ್ಕಸಿಕ್ಕವರನ್ನು ತಬ್ಬಿಕೊಂಡಳು. ನಿಕೊಲಾನ ಟೈ ಹಿಡಿದೆಳೆದು ಎರಡೂ ಕೆನ್ನೆಗೆ ಮುತ್ತಿಟ್ಟಳು. ಇಷ್ಟು ವರ್ಷ ವಿಮಾನ ಹತ್ತಿಸಿದ್ದನ್ನೆಲ್ಲ ಗೆಲುವು ಎಂದುಕೊಂಡಿದ್ದೆನಲ್ಲ ಎನ್ನಿಸಿತು.

ಜೆಮಾನೆಶ್ ಆಗಲೇ ಫೋನು ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಆಮೇಲೆ ಫೋನನ್ನು ಹನಾದಿಯ ಮುಖಕ್ಕೆ ಹಿಡಿದಳು.

"ನೀನು ಹೇಳು ಅಕ್ಕಾ. ನ್ಯಾಯಾಧೀಶರು ಹೇಳಿದ ಹಾಗೇ ಹೇಳು. ಅರಬ್ಬಿಯಲ್ಲೇ. ಜೋರಾಗಿ."

"ನಿಮ್ಮಮ್ಮನಿಗೆ ಅರಬ್ಬಿ ಬರತ್ತೇನೇ?"

"ಅಮ್ಮನಿಗೆ ಬರಲ್ಲ. ಏಜೆಂಟನಿಗೆ ಬರತ್ತೆ, ಕೊಲ್ಲಿ ದೇಶದಲ್ಲಿ ಇದ್ದು ಬಂದೋನು. ಅಮ್ಮ ಬೆಳಿಗ್ಗೆಯಿಂದ ಅವನ ಅಂಗಡಿ ಮುಂದೇನೇ ಕೂತಿದಾಳೆ. ಸ್ಪೀಕರ್ ಹಾಕಿದಾಳೆ. ಪೇಟೆ ಜನ ಎಲ್ಲ ಸೇರಿದಾರಂತೆ."

ಹನಾದಿ ಗಂಟಲು ಸರಿಮಾಡಿಕೊಂಡಳು. ಆ ಗಂಟಲಿಗೆ ಇಂಥದೊಂದು ಕೆಲಸ ಹಿಂದೆಂದೂ ಸಿಕ್ಕಿರಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲಿನ ವಕೀಲರು, ಪೊಲೀಸರು, ಎಳ್ಳಿನ ರೊಟ್ಟಿ ಮಾರುವವನು, ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಿದಳು:

"ಜೆಮಾನೆಶ್ ಕಳ್ಳಿಯಲ್ಲ! ಕೋರ್ಟು ಹೇಳಿದೆ! ಮಾರಿದವರ ಮೇಲೆ ತನಿಖೆ ಆಗತ್ತೆ! ಕೇಳಿಸ್ತೇನಯ್ಯಾ?"

ಆ ಕಡೆ ಗದ್ದಲ. ಜನ ಯಾರನ್ನೋ ಮುತ್ತಿಕೊಂಡು ಏನೋ ಕೇಳುತ್ತಿದ್ದರು, ಗಂಡಸಿನ ದನಿಯೊಂದು ತಡವರಿಸುತ್ತಿತ್ತು. "ಏನಂದಳು ಹೇಳು ಅಂತ ಅವನನ್ನೇ ಕೇಳ್ತಿದಾರೆ," ಎಂದಳು ಜೆಮಾನೆಶ್. ಆಮೇಲೆ ಅಂಗಡಿಯ ತಗಡಿನ ಬಾಗಿಲು ದಡದಡನೆ ಕೆಳಗಿಳಿದ ಸದ್ದು. ಅದರ ಬೆನ್ನಿಗೇ ಒಬ್ಬ ಮುದುಕಿ ನಾಲಿಗೆ ಕುಣಿಸುತ್ತ ಮಂಗಳದ ಕೂಗು ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಬೀದಿಗೆ ಬೀದಿಯೇ.

ಮೆಟ್ಟಿಲು ಹತ್ತುತ್ತಿದ್ದ ಬೈರೂತಿನ ಅಜ್ಜಿಯೊಬ್ಬಳು ಆ ಕೂಗಿಗೆ ನಿಂತಳು. ಇಲ್ಲಿಯ ಮದುವೆಮನೆಗಳಲ್ಲೂ ಹೆಂಗಸರು ಹಾಗೇ ಕೂಗುತ್ತಾರೆ.

"ಯಾರ ಮದುವೆನಮ್ಮಾ?" ಎಂದಳು.

ಹನಾದಿ ಜೆಮಾನೆಶ್‌ಳ ಕಡೆ ಕೈ ತೋರಿಸಿದಳು. ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೈಯಲ್ಲಿದ್ದ ಕಾಗದಪತ್ರಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಂಗೈಯನ್ನು ಬಾಯಿಗೆ ಮರೆಮಾಡಿ, ತಾನೂ ಫೋನಿನ ಕಡೆ ಬಾಗಿ ಕೂಗತೊಡಗಿದಳು.